ಹನ್ನೊಂದು ವರ್ಷದ ಹಿತ್ತಾಳೆ

ಹಿಡಿ ತಿರುಗಿಸಿದರೆ ಅಲಗು ಗಾಳಿಯನ್ನೇ ಕೊಯ್ಯುತ್ತಿತ್ತು. ಆರ್ವಲ್ ಟ್ವೇಟ್ ಇನ್ನೊಂದು ಸಲ ತಿರುಗಿಸಿದ. ಬೆಂಚಿಗೆ ಬಿಗಿದ ಸಣ್ಣ ಯಂತ್ರ. ಒಂದು ಕಡೆ ಅದು ಖಾಲಿ ತೋಟೆಯ ಬುಡ ಕಚ್ಚಿ ಹಿಡಿದಿರುತ್ತದೆ, ಇನ್ನೊಂದು ಕಡೆಯಿಂದ ಅಲಗು ಬಂದು ಬಾಯಿಯನ್ನು ಸುತ್ತಲೂ ಹೆರೆಯಬೇಕು, ಕೂದಲಿನಷ್ಟು ತೆಳ್ಳಗಿನ ಹಿತ್ತಾಳೆ ಬೆಂಚಿನ ಮೇಲೆ ಉದುರಬೇಕು. ಉದುರಲಿಲ್ಲ. ಹಾರಿಸಿದ ತೋಟೆ ಬೆಳೆಯುತ್ತದೆ. ಒಳಗೆ ಮದ್ದು ಸಿಡಿದಾಗ ಹಿತ್ತಾಳೆ ಹಿಗ್ಗಿ ಮುಂದಕ್ಕೆ ಸರಿಯುತ್ತದೆ. ಆಮೇಲೆ ಅಚ್ಚಿನೊಳಗೆ ಒತ್ತಿ ಮೊದಲಿನ ಗಾತ್ರಕ್ಕೆ ತರುವಾಗ ಕತ್ತು ಇನ್ನಷ್ಟು ಉದ್ದವಾಗುತ್ತದೆ. ಹಾಗೆ ಬೆಳೆದದ್ದನ್ನು ಹೆರೆಯದೆ ಮತ್ತೆ ಮದ್ದು ತುಂಬಿದರೆ ಅದರ ಬಾಯಿ ನಳಿಗೆಯ ಗಂಟಲಿಗೆ ಸಿಕ್ಕಿಕೊಂಡು ಗುಂಡನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಮುಂದೆ ದಾರಿ ಸಿಗದ ಬೆಂಕಿ ಹಿಂದಕ್ಕೆ ತಿರುಗುತ್ತದೆ, ಹಿಂದೆ ಇರುವುದು ಕೋವಿ ಹಿಡಿದವನ ಮುಖ. ಮೊಂಟಾನಾದ ಆ ಕಣಿವೆಯಲ್ಲಿ ಗ್ಯಾರೇಜಿನಲ್ಲಿ ಕೂತು ತೋಟೆ ತುಂಬುವ ಯಾರನ್ನು ಕೇಳಿದರೂ ಇಷ್ಟು ಹೇಳುತ್ತಾರೆ. ಆರ್ವಲ್ ತೋಟೆಯನ್ನು ಬಿಡಿಸಿ ಕ್ಯಾಲಿಪರಿನಲ್ಲಿ ಹಿಡಿದ. ಎರಡು ಇಂಚಿನ ಮೇಲೆ ನಾನೂರ ಎಂಬತ್ತು ಸಾವಿರಾಂಶ. ಹೆರೆದು ನಿಲ್ಲಿಸಬೇಕಾದ ಗುರುತಿಗಿಂತ ನಾಲ್ಕು ಸಾವಿರಾಂಶ ಕಡಿಮೆ. ಅಚ್ಚಿನಿಂದ ಹೊರಬಂದ ಮೇಲೂ ಕಡಿಮೆ. ಹನ್ನೊಂದು ವರ್ಷದಿಂದ ಹೆಂಡತಿಯ ಅಣ್ಣ ಡೆಲ್ಮರನ ಕೋವಿಯಲ್ಲಿ ಸಿಡಿದು, ಈ ಬೆಂಚಿಗೆ ಬಂದು, ಮತ್ತೆ ಹೋಗಿ ಸಿಡಿಯುತ್ತಿರುವ ಇಪ್ಪತ್ತು ತೋಟೆಗಳು ಇವು; ಇಷ್ಟು ವರ್ಷದಲ್ಲಿ ಒಂದಾದರೂ ಬೆಳೆದದ್ದಿಲ್ಲ, ಒಂದರ ಕತ್ತಾದರೂ ಬಿರಿದದ್ದಿಲ್ಲ.

ಇದು ಅವನ ಹೆಮ್ಮೆಯಾಗಿತ್ತು. ಊರಿನ ಕೋವಿ ಅಂಗಡಿಯಲ್ಲಿ ಕಾಫಿ ಹೀರುತ್ತ ಕೂರುವ ಮುದುಕರು, ಐದಾರು ಸಲ ಹಾರಿಸಿದರೆ ಎಂಥ ಹಿತ್ತಾಳೆಯೂ ಸುಸ್ತಾಗುತ್ತದೆ, ಹನ್ನೊಂದು ವರ್ಷ ಅಂದರೆ ಬುರುಡೆ ಬಿಡಬೇಡ ಎಂದು ರೇಗಿಸುತ್ತಿದ್ದರು. ಅವನು ಸುಮ್ಮನೆ ನಗುತ್ತಿದ್ದ. ನಕ್ಕು, ಕೈ ಬೇಕು ಸ್ವಾಮಿ, ಎನ್ನುವಂತೆ ಬೆರಳುಗಳನ್ನು ಚಾಚಿ ತೋರಿಸುತ್ತಿದ್ದ. ಮೂವತ್ತೊಂದು ವರ್ಷ ಸಾಮಿಲ್ಲಿನಲ್ಲಿ ಗರಗಸದ ಹಲ್ಲುಗಳಿಗೆ ಅರ ಹಾಕಿದ ಬೆರಳುಗಳವು, ಸಾವಿರಾಂಶದ ವ್ಯತ್ಯಾಸ ಮುಟ್ಟಿದರೇ ಗೊತ್ತಾಗುತ್ತಿತ್ತು. ಕಳೆದ ವಸಂತದಲ್ಲಿ ಬೇಟೆಗಾರರ ಸಂಘದವರು ಅವನನ್ನು ಕರೆಸಿ, ಹಿತ್ತಾಳೆ ಬಾಳಿಕೆ ಬರುವಂತೆ ತುಂಬುವುದು ಹೇಗೆ ಎಂಬ ಬಗ್ಗೆ ಮಾತಾಡಿಸಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದ. ಹಲಗೆಯ ಮೇಲೆ ಅಂಕಿ ಬರೆದು, ಅಚ್ಚನ್ನು ಎಷ್ಟು ಮಾತ್ರ ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ವಿವರಿಸಿ, ನಂಬದಿದ್ದರೆ ನನ್ನ ಭಾವಮೈದ ಇಲ್ಲೇ ಇದ್ದಾನೆ, ಕೇಳಿ, ಎಂದು ಕೈ ತೋರಿಸಿದ್ದ. ಹಿಂದಿನ ಸಾಲಿನಲ್ಲಿ ಡೋನಟ್ ತಿನ್ನುತ್ತಿದ್ದ ಡೆಲ್ಮರ್ ಬಾಯಿ ತುಂಬಿಕೊಂಡೇ ಹೆಬ್ಬೆರಳು ಎತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಡೆಲ್ಮರನೂ ತಟ್ಟಿದ್ದ.

ಜೂನ್ ತಿಂಗಳಲ್ಲಿ ಆರ್ವಲ್‌ನ ಎರಡೂ ಕಣ್ಣಿನ ಪೊರೆ ತೆಗೆದರು. ಮನೆಗೆ ಬಂದ ಮೊದಲ ದಿನ ಅಡುಗೆಮನೆಯ ಪರದೆ ಹಳದಿಯಲ್ಲ, ಬಿಳಿ, ಎಂದು ತಿಳಿದು ಅವನಿಗೆ ಹೆಂಡತಿ ಲೊರೇನ್‌ಳ ಮೇಲೆ ಸುಮ್ಮನೆ ಸಿಟ್ಟು ಬಂದಿತ್ತು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು. ಈಗ ಅಚ್ಚಿನ ಕೆಳಗೆ ಬಿದ್ದಿದ್ದ ಸುಟ್ಟ ಕೇಪುಗಳನ್ನು, ಮದ್ದಿಗೆ ಕಿಡಿ ಕೊಡುವ ಆ ಸಣ್ಣ ಬಿಲ್ಲೆಗಳನ್ನು, ತಟ್ಟೆಯಿಂದ ಒಂದೊಂದಾಗಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಅಂಚಿನ ಸುತ್ತ ಕುಂಕುಮದ ಗೆರೆಯಷ್ಟು ಕೆಂಪು. ತೋಟೆಯ ಬುಡದಲ್ಲಿ, ಕೇಪು ಕೂರುವ ಗುಳಿಯ ಅಂಚಿನಲ್ಲೂ ಅದೇ ಕೆಂಪು. ಕಂಪನಿಯಲ್ಲಿ ತಯಾರಾಗುವ ತೋಟೆಗೆ ತೇವ ಇಳಿಯದಿರಲಿ ಎಂದು ಹಚ್ಚುವ ಅರಗು ಅದು. ಮನೆಯಲ್ಲಿ ತುಂಬುವವನು ಅದನ್ನು ಹಚ್ಚುವುದಿಲ್ಲ. ಅವನಂತೂ ಹಚ್ಚಿದ್ದೇ ಇಲ್ಲ. ಇಪ್ಪತ್ತರಲ್ಲಿ ಇಪ್ಪತ್ತಕ್ಕೂ ಇತ್ತು. ಡೆಲ್ಮರ್ ಅಂಗಡಿಯಿಂದ ಕೊಂಡು, ಒಂದೇ ಒಂದು ಸಲ ಹಾರಿಸಿ, ಅವನ ಕೈಗೆ ಹಾಕಿದ ತೋಟೆಗಳು. ಆರ್ವಲ್ ಬಳಸುವ ಕಂಪನಿಯ ಹಿತ್ತಾಳೆಯನ್ನೇ ಹುಡುಕಿ ಕೊಂಡಿದ್ದಾನೆ, ಪುಣ್ಯಾತ್ಮ. ಆರ್ವಲ್‌ಗೆ ಮೊದಲು ಅನಿಸಿದ್ದು ಅದು: ಎಷ್ಟು ಮುತುವರ್ಜಿ! ಆಮೇಲೆ ಕಿವಿ ಬಿಸಿಯಾಯಿತು. ಸಂಘದ ಸಭೆಯ ಹಲಗೆ, ಇಸ್ತ್ರಿಯ ಅಂಗಿ, ಡೋನಟ್‌ನ ಸಕ್ಕರೆ ಅಂಟಿದ ಆ ಹೆಬ್ಬೆರಳು. ಗ್ಯಾರೇಜಿನಲ್ಲಿ ಯಾರೂ ಇಲ್ಲದಿದ್ದರೂ ಅವನು ತಟ್ಟೆಯ ಮೇಲೆ ಬಟ್ಟೆ ಮುಚ್ಚಿದ.

ಕಣ್ಣು ಕಾಣದೆ ಮೋಸ ಹೋದೆ ಎನ್ನಬಹುದಿತ್ತು. ಆದರೆ ಅಲಗಿಗೆ ಕಣ್ಣಿನ ಹಂಗಿಲ್ಲ. ಹನ್ನೊಂದು ವರ್ಷ ಅದು ಪ್ರತಿ ಅಕ್ಟೋಬರಿನಲ್ಲೂ ಗಾಳಿ ಕೊಯ್ದಿದೆ, ಪ್ರತಿ ಸಲವೂ ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದಾನೆ. ಯಾಕೆಂದರೆ ಇನ್ನೊಂದು ಕಡೆ ತಿರುಗಿ ನೋಡಿದರೆ ಅಲ್ಲಿ ಹನ್ನೊಂದು ವರ್ಷದ ಹಿಂದಿನ ಆ ಬುಧವಾರ ಇತ್ತು. ಸಾಮಿಲ್ಲು ಮುಚ್ಚುತ್ತದೆ ಎಂಬ ಚೀಟಿ ಗೇಟಿಗೆ ಅಂಟಿಸಿದ ವಾರ. ಭಾನುವಾರ ಇದೇ ಸ್ಟೂಲಿನ ಮೇಲೆ ಕೂತು ಡೆಲ್ಮರನಿಗೆ ಇಪ್ಪತ್ತು ತೋಟೆ ತುಂಬಿದ್ದ. ಮನಸ್ಸು ಗೇಟಿನ ಹತ್ತಿರವೇ ನಿಂತಿತ್ತು, ಕೈ ಮಾತ್ರ ಕೆಲಸ ಮಾಡುತ್ತಿತ್ತು. ಮೊದಲು ಅಚ್ಚಿಗೆ ಒತ್ತಿ, ಆಮೇಲೆ ಅಳೆದು ಹೆರೆಯಬೇಕು. ಅವನು ಮೊದಲು ಹೆರೆದು, ಆಮೇಲೆ ಅಚ್ಚಿಗೆ ಒತ್ತಿದ್ದ. ಹೊಸಬನೂ ಮಾಡದ ತಪ್ಪು. ಬುಧವಾರ, ಅದೇ ಸಲ ಹೆರೆದು ಮಿಕ್ಕಿದ್ದ ಮೂರು ತೋಟೆಗಳನ್ನು ಯಾಕೋ ಅಳೆದಾಗ ಗೊತ್ತಾಯಿತು: ಇರಬಹುದಾದ ಗರಿಷ್ಠ ಉದ್ದಕ್ಕಿಂತಲೂ ಹನ್ನೆರಡು ಸಾವಿರಾಂಶ ಹೆಚ್ಚು. ಅಷ್ಟು ಹೊತ್ತಿಗೆ ಡೆಲ್ಮರ್ ಮತ್ತು ಇನ್ನೈದು ಜನ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಬೆಟ್ಟ ಹತ್ತಿ ಎರಡು ದಿನವಾಗಿತ್ತು. ಶಿಬಿರಕ್ಕೆ ಕಾಡುದಾರಿಯಲ್ಲಿ ಮೂರು ಗಂಟೆ. ಬೂಟು ಹಾಕಿಕೊಂಡ, ಟ್ರಕ್ಕಿನ ಚಕ್ರಕ್ಕೆ ಹಿಮದ ಸರಪಳಿ ಕಟ್ಟಿದ, ಹತ್ತಿ ಕೂತ, ಕೀಲಿಯನ್ನೂ ತಿರುಗಿಸಿದ. ಬೆಂಕಿಯ ಸುತ್ತ ಕೂತ ಆರು ಜನರ ಮುಂದೆ ಟೋಪಿ ತೆಗೆದು, ನಾನು ಅಳತೆ ತಪ್ಪಿದೆ, ಎಂದು ಹೇಳುವುದನ್ನು ಮನಸ್ಸಿನಲ್ಲೇ ಹೇಳಿ ನೋಡಿದ. ಅಳತೆಯೊಂದೇ ಅವನ ಆಸ್ತಿ. ಅದನ್ನೂ ಬೇಡ ಎಂದು ಸಾಮಿಲ್ಲು ಮನೆಗೆ ಕಳಿಸಿದ ವಾರ ಅದು. ಹನ್ನೆರಡು ಸಾವಿರಾಂಶ ತಾನೇ, ಏನೂ ಆಗುವುದಿಲ್ಲ, ಎಂದುಕೊಂಡ. ಎಂಜಿನ್ ಆರಿಸಿ ಇಳಿದ. ಲೊರೇನ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು, ಎಲ್ಲಿಗೆ ಹೊರಟಿದ್ದೆ ಎಂದು ಕೇಳಿದಳು. ಬ್ಯಾಟರಿ ನೋಡುತ್ತಿದ್ದೆ ಎಂದ.

ಶನಿವಾರ ಡೆಲ್ಮರ್ ವಾಪಸು ಬಂದಾಗ ಬಲಗಣ್ಣಿನ ಹುಬ್ಬು ಅರ್ಧ ಸುಟ್ಟಿತ್ತು. ಕೆನ್ನೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಕೊಂಬೆ ಬಡೀತು, ಎಂದ. ತೋಟೆ ಹೇಗಿತ್ತು, ಎಂದು ಆರ್ವಲ್ ಕೇಳಿದ್ದಕ್ಕೆ, ಚೆನ್ನಾಗಿತ್ತು, ಎಂದ. ಕೇಳಿದವನಿಗೂ ಗೊತ್ತಿತ್ತು, ಹೇಳಿದವನಿಗೂ ಗೊತ್ತಿತ್ತು. ಆ ಕಡೆಯ ಜನರಲ್ಲಿ ಇನ್ನೊಬ್ಬ ತುಂಬಿದ ತೋಟೆಯನ್ನು ಯಾರೂ ತಮ್ಮ ಕೋವಿಗೆ ಹಾಕುವುದಿಲ್ಲ; ತಂದೆಯದ್ದನ್ನು ಮಗ ಹಾಕುವುದೂ ಅಪರೂಪ. ಹಾಕಿದರೆ ಅದು ನಿನ್ನ ಕೈಯಲ್ಲಿ ನನ್ನ ಮುಖ ಇಟ್ಟಿದ್ದೇನೆ ಎಂದಂತೆ. ಡೆಲ್ಮರ್ ಹಾಗೆ ಇಟ್ಟಿದ್ದ. ಆ ವರ್ಷದ ನಂತರ ಅವನು ಪೆಟ್ಟಿಗೆಯನ್ನು ಬೇಡ ಅನ್ನಲಿಲ್ಲ, ಮಾತು ನಿಲ್ಲಿಸಲಿಲ್ಲ, ಕ್ರಿಸ್‌ಮಸ್ಸಿಗೆ ಬರುವುದನ್ನು ತಪ್ಪಿಸಲಿಲ್ಲ. ಸುಮ್ಮನೆ ತನ್ನ ಮುಖವನ್ನು ವಾಪಸು ತೆಗೆದುಕೊಂಡ, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ಇದೇ ಬೆಂಚಿನ ಮೇಲೆ ಆ ಪೆಟ್ಟಿಗೆಯನ್ನು ಕುಕ್ಕಿ, ನನ್ನ ಕಣ್ಣು ತೆಗೀತಿದ್ದೆಯಲ್ಲೋ ಬೋಳಿಮಗನೇ, ಎಂದಿದ್ದರೆ ಆರ್ವಲ್ ಅತ್ತುಬಿಡುತ್ತಿದ್ದ, ಅತ್ತು ಮುಗಿಸುತ್ತಿದ್ದ. ಈ ಕರುಣೆ ಇದೆಯಲ್ಲ, ಹನ್ನೊಂದು ವರ್ಷ ವರ್ಷಕ್ಕೆ ಇಪ್ಪತ್ತರ ಲೆಕ್ಕದಲ್ಲಿ ಕೈಗೆ ಹಾಕಿದ ಕರುಣೆ, ಇದನ್ನು ಯಾರು ಕೇಳಿದ್ದರು?

ಮಧ್ಯಾಹ್ನ ಊಟಕ್ಕೆ ಕರೆಯಲು ಲೊರೇನ್ ಬಂದಳು. ಬಾಗಿಲಲ್ಲೇ ನಿಂತು ಬೆಂಚನ್ನು ನೋಡಿದಳು. ನಲವತ್ತು ವರ್ಷ ನೋಡಿದವಳಿಗೆ ಯಾವ ಸಾಮಾನು ಯಾವಾಗ ಎಲ್ಲಿರಬೇಕು ಎಂಬುದು ಅಡುಗೆಮನೆಯಷ್ಟೇ ಗೊತ್ತು.

"ಮದ್ದು ತೂಗೋ ತಕ್ಕಡಿ ಇನ್ನೂ ತೆಗೆದೇ ಇಲ್ವಲ್ಲ. ಮೂರು ಗಂಟೆಗೆ ಡೆಲ್ಮರ್ ಬರ್ತಾನೆ."

"ಬರಲಿ," ಎಂದ ಆರ್ವಲ್. ಅವಳು ಇನ್ನೂ ನಿಂತೇ ಇದ್ದಳು. ಆಗ ಕೇಳಿದ: "ಆ ವರ್ಷ ಅವನ ಹುಬ್ಬು ಸುಟ್ಟಿತ್ತಲ್ಲ, ನೆನಪಿದೆಯಾ?"

"ಕೊಂಬೆ ಬಡಿದಿದ್ದು," ಎಂದಳು ಲೊರೇನ್. ತೀರ ಬೇಗ ಹೇಳಿದಳು. "ಸೂಪ್ ಆರಿಹೋಗತ್ತೆ, ಬಾ." ಕೊಂಬೆ ಬಡಿದರೆ ಹುಬ್ಬು ಸುಡುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಣ್ಣ ತಂಗಿ ಇಬ್ಬರೂ ಸೇರಿ ತನ್ನನ್ನು ಗಾಜಿನ ಲೋಟದ ಹಾಗೆ ಎತ್ತಿ ಇಡುತ್ತಿದ್ದಾರೆ ಎಂದು ಅವನಿಗೆ ಅನಿಸಿತು, ಅದು ಸೂಪಿಗಿಂತ ಮೊದಲೇ ಹೊಟ್ಟೆ ತುಂಬಿಸಿತು.

ಊಟವಾದ ಮೇಲೆ ಅವನು ಕೆಲಸಕ್ಕೆ ಕೂತ. ತೋಟೆಗಳಿಗೆ ಕೇಪು ಕೂರಿಸಲಿಲ್ಲ. ಮದ್ದಿನ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಬರಿಯ ಹಿತ್ತಾಳೆಯ ಬಾಯಿಗೆ ಒಂದೊಂದೇ ಗುಂಡನ್ನಿಟ್ಟು ಒತ್ತಿದ. ಪ್ರತಿಯೊಂದನ್ನೂ ಅಳೆದ; ಅಭ್ಯಾಸ ಬಿಡುವುದಿಲ್ಲವಲ್ಲ. ನಂತರ ಗುಂಡಿನ ಮೊನೆ ಕೆಳಗಾಗಿ, ಬುಡ ಮೇಲಾಗಿ ಪ್ಲಾಸ್ಟಿಕ್ ಪೆಟ್ಟಿಗೆಯ ಗೂಡುಗಳಲ್ಲಿ ಜೋಡಿಸಿದ. ಕೇಪು ಇರಬೇಕಾದ ಜಾಗದಲ್ಲಿ ಇಪ್ಪತ್ತು ಕಪ್ಪು ತೂತುಗಳು. ಮುಚ್ಚಳ ತೆಗೆದವನು ಕುರುಡನಾದರೂ ಅವನಿಗೆ ಕಾಣಬೇಕು. ಮುಚ್ಚಳದೊಳಗೆ ಅಂಟಿಸುವ ಚೀಟಿಯಲ್ಲಿ ಪ್ರತಿವರ್ಷ ಅವನು ತಾರೀಖು, ಗುಂಡಿನ ತೂಕ, ಮದ್ದಿನ ತೂಕ, ತೋಟೆಯ ಉದ್ದ ಬರೆಯುತ್ತಿದ್ದ. ಈ ಸಲವೂ ಬರೆದ. ಮದ್ದು: ಇಲ್ಲ. ಕೇಪು: ಇಲ್ಲ. ಪೆನ್ನು ಅಲ್ಲಿಗೆ ನಿಲ್ಲಲಿಲ್ಲ. ಕೆಳಗೆ ಬರೆದ: ಆ ವರ್ಷ ನಾನು ಮೊದಲು ಹೆರೆದು ಆಮೇಲೆ ಅಚ್ಚಿಗೆ ಒತ್ತಿದೆ. ಬುಧವಾರವೇ ನನಗೆ ಗೊತ್ತಾಯಿತು. ಟ್ರಕ್ಕು ಹತ್ತಿ ಇಳಿದೆ. ಬರಲಿಲ್ಲ. ಆರ್ವಲ್. ಬರೆದದ್ದನ್ನು ಓದಿದ. ಹನ್ನೊಂದು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಇಷ್ಟು ಸಣ್ಣ ಚೀಟಿಯಲ್ಲಿ ಹಿಡಿಸಿತ್ತು. ಪೆಟ್ಟಿಗೆಯನ್ನು ಕೈಯಲ್ಲಿ ಎತ್ತಿ ನೋಡಿದ. ಮದ್ದಿಲ್ಲದ ಕಾರಣ ಎರಡೂವರೆ ಔನ್ಸ್ ಹಗುರ. ಅವನಾಗಿದ್ದರೆ ಎತ್ತಿದ ಕೂಡಲೇ ಹೇಳುತ್ತಿದ್ದ.

ಡೆಲ್ಮರ್ ಮೂರು ಗಂಟೆಗೆ ಸರಿಯಾಗಿ ಬಂದ. ಎಪ್ಪತ್ತು ದಾಟಿದರೂ ಗೂಳಿಯಂಥ ಆಳು, ಬಾಗಿಲಲ್ಲಿ ನಿಂತರೆ ಗ್ಯಾರೇಜಿಗೆ ಕತ್ತಲು.

"ಏನೋ ಮುದಿಯಾ, ಹೊಸ ಕಣ್ಣು ಹಾಕಿಸ್ಕೊಂಡಿದ್ದೀಯಲ್ಲ, ಈಗಲಾದ್ರೂ ನನ್ನ ತಂಗಿ ಮುಖ ಸರಿಯಾಗಿ ಕಾಣಿಸ್ತಾ?"

"ಇನ್ನು ನಿನ್ನ ಮುಖಾನೂ ಕಾಣಿಸತ್ತಲ್ಲ ಅಂತ, ಪಾಪ, ಅದಕ್ಕೇ ಬೆಳಗಿಂದ ಗಡಿಗೆ ಮುಖ ಮಾಡ್ಕೊಂಡಿದ್ದಾನೆ," ಎಂದಳು ಹಿಂದೆಯೇ ಕಾಫಿ ತಂದ ಲೊರೇನ್.

ಡೆಲ್ಮರ್ ನಕ್ಕ. ಬಲಹುಬ್ಬಿನ ಅರ್ಧ ಮತ್ತೆ ಬೆಳೆದಿರಲೇ ಇಲ್ಲ. ಅದು ಆರ್ವಲ್‌ಗೆ ಇಂದು ಮೊದಲ ಸಲ ಅಷ್ಟು ಸ್ಪಷ್ಟವಾಗಿ ಕಂಡಿತು, ಕೆನ್ನೆಯ ಎರಡು ಚುಕ್ಕೆಗಳೂ. ಮೊಣಕಾಲು ನೋವು, ಬೆಟ್ಟದ ಮೇಲೆ ಈಗಾಗಲೇ ಬಿದ್ದಿರುವ ಹಿಮ, ಶಿಬಿರದಲ್ಲಿ ಅಡುಗೆ ಯಾರದ್ದು ಎಂಬ ಜಗಳ, ಎಲ್ಲ ಮಾತೂ ಆಯಿತು. ಆರ್ವಲ್ ಪೆಟ್ಟಿಗೆಯನ್ನು ಬೆಂಚಿನ ಮೇಲೆ ಮುಂದಕ್ಕೆ ತಳ್ಳಿದ. ಡೆಲ್ಮರ್ ಎತ್ತಿಕೊಂಡ. ಒಂದು ಕ್ಷಣ ಅಂಗೈಯಲ್ಲಿ ಇಟ್ಟುಕೊಂಡ.

"ತೆಗೆದು ನೋಡು," ಎಂದ ಆರ್ವಲ್. "ಒಂದ್ಸಲ ತೆಗೆದು ನೋಡು."

"ನೀನು ತುಂಬಿದ್ದನ್ನ ನಾನು ನೋಡೋದೇನಿದೆ? ನಿನ್ನ ಕೈ ಮೇಲೆ ನಂಬಿಕೆ ಇಲ್ದೆ ಇಷ್ಟು ವರ್ಷ ಬರ್ತಿದ್ನಾ?"

ಅಷ್ಟು ಹೇಳಿ, ಪೆಟ್ಟಿಗೆಯನ್ನು ದಪ್ಪ ಕೋಟಿನ ಜೇಬಿಗೆ ಇಳಿಸಿದ. ಲೊರೇನ್ ಕಾಫಿಯ ಬಟ್ಟಲನ್ನೇ ನೋಡುತ್ತಿದ್ದಳು. ಟ್ರಕ್ಕು ತಿರುವಿನಲ್ಲಿ ಮರೆಯಾಗುವವರೆಗೂ ಆರ್ವಲ್ ಬಾಗಿಲಲ್ಲಿ ನಿಂತಿದ್ದ.

ಬೇಟೆಯ ಹಂಗಾಮು ಶುರುವಾದ ದಿನದಿಂದ ಅವನು ಫೋನಿನ ಕೋಣೆ ಬಿಟ್ಟು ಹೋಗಲಿಲ್ಲ. ಶಿಬಿರದ ಹತ್ತಿರ ಒಂದು ಗುಡ್ಡ ಹತ್ತಿದರೆ ಫೋನ್ ಹತ್ತುತ್ತದೆ, ಡೆಲ್ಮರನೇ ಯಾವಾಗಲೋ ಹೇಳಿದ್ದ. ಹಾರಿಸದಿದ್ದರೂ ಬೆಳಗ್ಗೆ ಒಂದು ಸಲ ಮುಚ್ಚಳವನ್ನಾದರೂ ತೆಗೆದಿರುತ್ತಾನೆ. ತೂತು ನೋಡಿ ಹೌಹಾರಿರುತ್ತಾನೆ. ಚೀಟಿ ಓದಿರುತ್ತಾನೆ, ಕನ್ನಡಕ ಹುಡುಕಿ ಮತ್ತೆ ಓದಿರುತ್ತಾನೆ. ಈಗ ಗುಡ್ಡ ಹತ್ತುತ್ತಿರುತ್ತಾನೆ, ಮೊಣಕಾಲು ನೋವು ಬೇರೆ. ಬಾಯಿಗೆ ಬಂದ ಹಾಗೆ ಬೈಯಲಿ. ಬೇಟೆ ಹಾಳು ಮಾಡಿದೆ ಅನ್ನಲಿ, ಜನ್ಮ ಹಾಳು ಮಾಡಿದೆ ಅನ್ನಲಿ. ಆರ್ವಲ್ ಉತ್ತರಗಳನ್ನು ತಯಾರು ಮಾಡಿಕೊಂಡ, ಆಮೇಲೆ ಉತ್ತರವೇ ಕೊಡಬಾರದು ಎಂದು ತೀರ್ಮಾನಿಸಿದ. ಫೋನ್ ಎರಡು ಸಲ ಬಡಿಯಿತು. ಒಂದು ಕಣ್ಣಿನ ಡಾಕ್ಟರ ಕಡೆಯಿಂದ, ಇನ್ನೊಂದು ಚರ್ಚಿನ ಹೆಂಗಸೊಬ್ಬಳು ಲೊರೇನ್‌ಗೆ. ಎರಡನೆಯದಕ್ಕೆ ಅವನು ಕುರ್ಚಿ ಎಡವಿಕೊಂಡು ಓಡಿದ. ಯಾರ ಫೋನ್ ಕಾಯ್ತಿದ್ದೀಯ, ಎಂದು ಲೊರೇನ್ ಕೇಳಿದಳು. ಯಾರದ್ದೂ ಇಲ್ಲ ಎಂದ. ಬುಧವಾರ ಹಿಮದ ಸರಪಳಿ ತೆಗೆದುಕೊಂಡು ಟ್ರಕ್ಕಿನ ಹತ್ತಿರ ಹೋದ. ಈಗಲೂ ಹೋಗಬಹುದು, ಮೂರು ಗಂಟೆ ದಾರಿ. ಚಕ್ರದ ಪಕ್ಕ ಕೂತು ಒಂದು ಕೊಂಡಿ ಸಿಕ್ಕಿಸಿದ, ಬೆರಳು ಮರಗಟ್ಟಿತು, ಒಳಗೆ ಬಂದ. ಚೀಟಿ ಇದೆಯಲ್ಲ, ಚೀಟಿ ಹೋಗಿದೆಯಲ್ಲ, ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟು ಹೇಡಿ ತಾನೆಂದು ಅವನಿಗೆ ಮತ್ತೆ ಗೊತ್ತಾದದ್ದು ಆಗಲೇ.

ಭಾನುವಾರ ಚರ್ಚು ಮುಗಿದ ಮೇಲೆ ಡೆಲ್ಮರ್ ಬಂದ. ಒಂದು ಕೈಯಲ್ಲಿ ಬಿಳಿ ಕಾಗದದಲ್ಲಿ ಸುತ್ತಿದ ಎಲ್ಕ್ ಮಾಂಸ, ಇನ್ನೊಂದರಲ್ಲಿ ಗಂಟು ಹಾಕಿದ ಸಣ್ಣ ಬಟ್ಟೆಚೀಲ. ಮುಖ ಗಾಳಿಗೆ ಕೆಂಪಾಗಿತ್ತು, ಖುಷಿಯಾಗಿದ್ದ. ಲೊರೇನ್ ಹಕಲ್‌ಬೆರಿ ಪೈ ಕೊಯ್ದು ಮುಂದಿಟ್ಟಳು. ತಿನ್ನುತ್ತ ಎಲ್ಲ ಹೇಳಿದ: ಮೂರನೆಯ ದಿನ ಬೆಳಗ್ಗೆ, ಇನ್ನೂರು ಗಜ, ಹಳ್ಳದ ಆಚೆ, ಆರು ಕವಲಿನ ಕೊಂಬಿನ ಗಂಡು ಎಲ್ಕ್, ಒಂದೇ ಗುಂಡಿಗೆ ನಿಂತಲ್ಲೇ ಕುಸಿಯಿತು. ಹಿಂದಿನ ದಿನ ಗುರಿ ನೋಡಿಕೊಳ್ಳಲು ಒಂದಿಷ್ಟು, ಕೊನೆಯ ದಿನ ಖಾಲಿ ಡಬ್ಬಿಗಳಿಗೆ ಗುರಿಯಿಟ್ಟು ಉಳಿದದ್ದು. ಇಪ್ಪತ್ತೂ ಮುಗಿಯಿತು. ಚೀಲವನ್ನು ಮೇಜಿನ ಮೇಲೆ ಆರ್ವಲ್‌ನ ಕಡೆ ಸರಿಸಿದ.

"ನೀನು ಇಷ್ಟು ವರ್ಷ ತುಂಬಿದ್ದರಲ್ಲೇ ಇವು ಬೆಸ್ಟ್ ಕಣೋ," ಎಂದ. "ಬೆಣ್ಣೇಲಿ ಚಾಕು ಹೋದ ಹಾಗೆ ಕೋವಿ ಬೋಲ್ಟ್ ತೆರೀತಿತ್ತು."

ಆರ್ವಲ್ ಗಂಟು ಬಿಚ್ಚಿ ಒಂದು ತೋಟೆಯನ್ನು ತೆಗೆದು ಕಿಟಕಿಯ ಬೆಳಕಿಗೆ ತಿರುಗಿಸಿದ. ಕೆಂಪು ಗೆರೆ ಇತ್ತು. ಹೊಸ ಕಣ್ಣು, ಎಲ್ಲವೂ ಕಾಣುತ್ತದೆ. ಮುಚ್ಚಳವನ್ನೇ ತೆಗೆಯದ ತನ್ನ ಪೆಟ್ಟಿಗೆ ಎಲ್ಲೋ ಹಿಂದಿನ ವರ್ಷಗಳ ಹತ್ತು ಪೆಟ್ಟಿಗೆಗಳ ಜೊತೆ ಇರಬೇಕು, ಡೆಲ್ಮರನ ಗ್ಯಾರೇಜಿನ ಮೇಲಟ್ಟದಲ್ಲೋ, ನದಿಯ ತಳದಲ್ಲೋ.

"ಮುಚ್ಚಳದೊಳಗೆ ಚೀಟಿ ಇತ್ತಲ್ಲ," ಎಂದ ಆರ್ವಲ್.

ಡೆಲ್ಮರ್‌ನ ಚಮಚ ಅರ್ಧದಲ್ಲಿ ನಿಂತಿತು. ತಂಗಿಯ ಕಡೆ ನೋಡಲಿಲ್ಲ. ಅಷ್ಟು ಚತುರತೆ ಅವನಿಗೆ ಅಭ್ಯಾಸವಾಗಿತ್ತು. ಆಮೇಲೆ ತುಂಬ ಪ್ರೀತಿಯಿಂದ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ ಹೇಳಿದ.

"ಓದಿದೆ ಕಣೋ. ಪ್ರತಿ ವರ್ಷ ಓದ್ತೀನಲ್ಲ. ಅಳತೆ ಎಲ್ಲಾ ಸರಿಯಾಗಿತ್ತು."

ಈಗ ಬಾಯಿಬಿಟ್ಟು ಹೇಳಬಹುದಿತ್ತು. ಮೂರು ಅಡಿ ದೂರದಲ್ಲಿ ಆ ಅರ್ಧ ಹುಬ್ಬು ಇತ್ತು, ಬೆಟ್ಟವಿಲ್ಲ, ಹಿಮವಿಲ್ಲ, ಸರಪಳಿ ಕಟ್ಟಬೇಕಾಗಿಲ್ಲ. ಲೊರೇನ್ ಪೈ ಕೊಯ್ಯುವ ಚಾಕುವನ್ನು ಹಿಡಿದು ನಿಂತೇ ಇದ್ದಳು. ಆರ್ವಲ್ ತೋಟೆಯನ್ನು ಚೀಲಕ್ಕೆ ಹಾಕಿ ಮತ್ತೆ ಗಂಟು ಕಟ್ಟಿದ, ಗಟ್ಟಿಯಾಗಿ ಕಟ್ಟಿದ.

"ಮುಂದಿನ ವರ್ಷಕ್ಕೂ ಇಪ್ಪತ್ತು ಸಾಕಾ?" ಎಂದು ಕೇಳಿದ.

"ಇಪ್ಪತ್ತು ಸಾಕು," ಎಂದ ಡೆಲ್ಮರ್.